ಹನ್ನಾಳನ್ನು ಯಾರೂ ಆರಿಸುತ್ತಿರಲಿಲ್ಲ

ಮುಸ್ತಫಾ ಗೇಮಿನಲ್ಲಿ ನಾಲ್ಕು ಜನ: ಜ್ಯಾಕ್, ಹನ್ನಾ, ಮುಸ್ತಫಾ, ಮೆಸ್. ಅವರಲ್ಲಿ ಹನ್ನಾ ಒಬ್ಬಳೇ ಹೆಣ್ಣು. ಆಟದ ನಿಜವಾದ ಹೆಸರು ‘ಕ್ಯಾಡಿಲಾಕ್ಸ್ ಆ್ಯಂಡ್ ಡೈನೋಸಾರ್ಸ್’. ಜಪಾನಿನ ಕ್ಯಾಪ್‌ಕಾಮ್ ಕಂಪನಿ 1993ರಲ್ಲಿ ಹೊರತಂದದ್ದು. ಮೂಲ ಮಾರ್ಕ್ ಶುಲ್ಟ್ಸ್ ಎಂಬ ಅಮೆರಿಕದ ಕಲಾವಿದನ ಕಾಮಿಕ್ಸ್. ಕಾಮಿಕ್ಸಿನಲ್ಲಿ ಜ್ಯಾಕ್ ನಾಯಕ, ಹನ್ನಾ ನಾಯಕಿ. ಭದ್ರಾವತಿಗೆ ಬರುವಷ್ಟರಲ್ಲಿ ಇಬ್ಬರೂ ಹಿಂದೆ ಸರಿದು ಆಟವೇ ಮುಸ್ತಫಾನ ಹೆಸರಿಗೆ ಆಗಿಹೋಗಿತ್ತು. ನಮ್ಮೂರೊಂದರಲ್ಲೇ ಅಲ್ಲ, ದೇಶದ ಎಷ್ಟೋ ಗೇಮ್ ಅಂಗಡಿಗಳಲ್ಲಿ ಹಾಗೇ. ಓಡಿಬಂದು ಹಾರಿ ಒದೆಯುವ ಅವನ ಏಟು ಹುಡುಗರಿಗೆ ಹುಚ್ಚು ಹಿಡಿಸಿತ್ತು. ಹೆಸರೂ ನಾಲಿಗೆಗೆ ಪರಿಚಿತ.

ತೊಂಬತ್ತರ ದಶಕದ ಕೊನೆಯ ಮಾತು ಇದು. ಭದ್ರಾವತಿಯ ನ್ಯೂಟೌನಿನಲ್ಲಿದ್ದ ಗೇಮ್ ಅಂಗಡಿಯಲ್ಲಿ ಮುಂದೆ ಸೈಕಲ್ ಬಾಡಿಗೆ, ಹಿಂದೆ ಪರದೆ ಎಳೆದ ಕತ್ತಲೆ ಕೋಣೆ, ಅದರಲ್ಲಿ ಮೂರು ಗೇಮ್ ಪೆಟ್ಟಿಗೆ. ಹುಡುಗಿಯರು ಪರದೆ ದಾಟುವ ರೂಢಿ ಇರಲಿಲ್ಲ. ನಾನು ದಾಟುತ್ತಿದ್ದದ್ದು ಅಣ್ಣನ ಬೆನ್ನಿಗೆ ಅಂಟಿಕೊಂಡು. ಇಬ್ಬರು ಒಟ್ಟಿಗೆ ಆಡಿದರೆ ಕಾಯಿನ್ನು ಹೆಚ್ಚು ಹೊತ್ತು ಬಾಳುತ್ತದೆ ಎಂಬ ಲೆಕ್ಕಾಚಾರದಿಂದ ಅವನು ನನ್ನನ್ನು ಸೇರಿಸಿಕೊಳ್ಳುತ್ತಿದ್ದ, ತಂಗಿಯ ಮೇಲಿನ ಅಕ್ಕರೆಯಿಂದಲ್ಲ. ಅವನು ಮುಸ್ತಫಾನನ್ನು ಹಿಡಿದಾದ ಮೇಲೆ ನನ್ನ ಕಡೆ ತಿರುಗಿ, ‘ನೀನು ಹುಡುಗಿ ತಾನೆ, ಹುಡುಗೀನೇ ತಗೋ’ ಅನ್ನುತ್ತಿದ್ದ. ಹಿಂದೆ ನಿಂತ ಹುಡುಗರು ನಗುತ್ತಿದ್ದರು. ಹನ್ನಾ ಬೇಗ ಸಾಯುತ್ತಾಳೆ ಅನ್ನುವುದು ಆ ಕೋಣೆಯ ಸಿದ್ಧಾಂತ. ಅವಳನ್ನು ಆಡಿಸಿ ನೋಡಿದವರು ಅಲ್ಲಿ ಯಾರೂ ಇರಲಿಲ್ಲವಾದ್ದರಿಂದ ಸಿದ್ಧಾಂತಕ್ಕೆ ಧಕ್ಕೆ ಬಂದಿರಲಿಲ್ಲ. ಆಟ ಮಾಡಿದವರ ಲೆಕ್ಕದಲ್ಲಿ ಮುಸ್ತಫಾನದು ವೇಗ, ಮೆಸ್‌ನದು ಬಲ, ಹನ್ನಾಳದು ಕೌಶಲ, ಜ್ಯಾಕ್‌ನದು ಎಲ್ಲದರ ಹದ. ಅದನ್ನು ಓದಲು ಬೇಕಾದಷ್ಟು ಇಂಗ್ಲಿಷ್ ಕೂಡ ನಮಗೆ ಬರುತ್ತಿರಲಿಲ್ಲ.

ಹನ್ನಾಳ ಒಂದೊಂದು ಹೆಜ್ಜೆಯನ್ನೂ ಯಾರೋ ಚುಕ್ಕಿ ಚುಕ್ಕಿ ಇಟ್ಟು ಬರೆದಿದ್ದರು ಎಂಬುದು ಬಹಳ ತಡವಾಗಿ ತಲೆಗೆ ಹೊಳೆದ ಸಂಗತಿ. ಆ ಬಗೆಯ ಆಟಗಳಲ್ಲಿ ಒಬ್ಬರ ನಡಿಗೆಯನ್ನು ತೆಗೆದು ಬೇರೆ ಮೈಕಟ್ಟಿನ ಇನ್ನೊಬ್ಬರಿಗೆ ಹಾಕುವ ಉಪಾಯ ಇರಲಿಲ್ಲ. ಜ್ಯಾಕ್ ಬಗ್ಗಿದರೆ ಜ್ಯಾಕ್ ಬಗ್ಗಿದ ಚಿತ್ರ, ಮೆಸ್ ಬಿದ್ದರೆ ಮೆಸ್ ಬಿದ್ದ ಚಿತ್ರ. ಹೆಣ್ಣಾಗಲಿ ದಡಿಯನಾಗಲಿ ಕೆಲಸ ಅಷ್ಟೇ. ಹೆಣ್ಣೊಬ್ಬಳನ್ನು ಸೇರಿಸಿದರೆ ಖರ್ಚು ಎರಡರಷ್ಟು ಎನ್ನುವ ಮಾತಿಗೆ ಆಗ ಅವಕಾಶವೇ ಇರಲಿಲ್ಲ. ಈ ಮಾತನ್ನು ಮನಸ್ಸಿನಲ್ಲಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಪಕ್ಕದ ಪೆಟ್ಟಿಗೆಯಲ್ಲಿ ‘ಸ್ಟ್ರೀಟ್ ಫೈಟರ್’ ಎರಡನೆಯ ಭಾಗ, 1991ರದ್ದು. ಎಂಟು ಜನ ಜಟ್ಟಿಗಳ ನಡುವೆ ಚುನ್-ಲೀ ಒಬ್ಬಳು ಹೆಣ್ಣು. ಅವಳ ಕಾಲಿನ ಏಟಿಗೆ ಅಣ್ಣನೂ ಹೆದರುತ್ತಿದ್ದ. ನನ್ನ ಕಣ್ಣಿಗೆ ಬಿದ್ದದ್ದು ಹೊಡೆದಾಟ ಮುಗಿದ ಮೇಲಿನದು. ಗಂಡಸರು ಗೆದ್ದರೆ ಕೈ ಕಟ್ಟಿ ನಿಲ್ಲುತ್ತಾರೆ, ಮುಷ್ಟಿ ಎತ್ತುತ್ತಾರೆ. ಚುನ್-ಲೀ ಗೆದ್ದರೆ ಜಿಗಿಜಿಗಿದು ಕಿಲಕಿಲ ನಗುತ್ತಾಳೆ, ಪಿಯುಸಿ ರಿಸಲ್ಟ್ ಬಂದವಳಂತೆ. ಅವಳ ಕತೆ ತಂದೆಯನ್ನು ಕೊಂದವನನ್ನು ಹುಡುಕಿ ಹೊರಟ ಪೊಲೀಸ್ ಅಧಿಕಾರಿಯದು. ಮೈಯ ಭಾಷೆ ಶಾಲಾ ಹುಡುಗಿಯದು. ಹೆಂಗಸರಿಗೆ ಅಷ್ಟು ಬಲ ಇರುವುದಿಲ್ಲ ಅಂತ ಚುನ್-ಲೀಯ ಬಲದ ಪಟ್ಟಿಯನ್ನೇ ಗಿಡ್ಡ ಮಾಡುವ ಯೋಚನೆ ತನಗಿತ್ತು ಎಂದು ಆ ಆಟದ ಹಿರಿಯ ತಯಾರಕ ಯೋಶಿಕಿ ಒಕಾಮೊಟೊ ಎಷ್ಟೋ ವರ್ಷದ ನಂತರ ಹೇಳಿಕೊಂಡರು. ಜೊತೆಯವರು ಒಪ್ಪಲಿಲ್ಲವಂತೆ. ಪಟ್ಟಿ ಉಳಿಯಿತು, ಕಿಲಕಿಲವೂ ಉಳಿಯಿತು.

ನಡಿಗೆ ನೋಡುವ ಚಟ ನನಗೆ ಗೇಮ್ ಅಂಗಡಿಗಿಂತ ಮೊದಲೇ ಹತ್ತಿತ್ತು, ಕಾರಣ ಊರು. ನಮ್ಮದು ವಿಐಎಸ್‌ಎಲ್ ಕ್ವಾರ್ಟರ್ಸ್. ವಿಶ್ವೇಶ್ವರಯ್ಯನವರು ಮೊಳಕೆ ಹಾಕಿದ, 1923ರಲ್ಲಿ ಕಬ್ಬಿಣ ಕರಗಿಸಲು ತೊಡಗಿದ ಕಾರ್ಖಾನೆ. ಮೊದಲು ಬೆಂಕಿಪುರ ಎಂದಿದ್ದ ಊರಿಗೆ ಬೆಂಕಿ ಆಮೇಲೆ ಬಂದಂತಾಯಿತು. ನ್ಯೂಟೌನಿನ ರಸ್ತೆಗಳು ಅಳತೆಗೋಲು ಹಿಡಿದು ಎಳೆದಂಥವು. ಸೈರನ್ ಕೂಗಿ ಶಿಫ್ಟ್ ಬಿಟ್ಟರೆ ಆ ನೇರ ರಸ್ತೆಯ ತುದಿಯಿಂದ ನೂರಾರು ಗಂಡಸರು ಒಟ್ಟಿಗೆ ಬರುವುದು ಕಾಂಪೌಂಡಿನ ಮೇಲೆ ಕೂತವರಿಗೆ ಕಾಣುತ್ತಿತ್ತು. ಮುಖ ಕಾಣುವ ಮೊದಲೇ ಅಪ್ಪನನ್ನು ನಾನು ಗುರುತಿಸುತ್ತಿದ್ದೆ. ಅವರು ಮೊಣಕಾಲು ಎತ್ತಿ, ಪಾದವನ್ನು ಚಪ್ಪಟೆಯಾಗಿ ಇಡುತ್ತಿದ್ದರು. ಅದು ಗಂಡಸಿನ ಗತ್ತು ಎಂದುಕೊಂಡಿದ್ದೆ. ಭಾನುವಾರ ಹವಾಯಿ ಚಪ್ಪಲಿ ಮೆಟ್ಟಿ ಜನ್ನಾಪುರದ ಕಡೆ ತರಕಾರಿಗೆ ಹೊರಟರೆ ಆ ಗತ್ತು ಇರುತ್ತಿರಲಿಲ್ಲ, ಹೆಜ್ಜೆ ಸಣ್ಣದಾಗಿ ನೆಲ ಸವರಿಕೊಂಡು ಹೋಗುತ್ತಿತ್ತು. ಗತ್ತು ಇದ್ದದ್ದು ಸೇಫ್ಟಿ ಶೂವಿನಲ್ಲಿ. ಮೂತಿಗೆ ಉಕ್ಕು ಹಾಕಿದ ಬೂಟು ಎತ್ತಿ ಇಡಬೇಕಾದರೆ ಮೊಣಕಾಲು ಏಳಲೇಬೇಕು.

ಅಮ್ಮನದೂ ಹಾಗೇ. ಸೀರೆಯ ನೆರಿಗೆ ಎಷ್ಟು ಬಿಡುತ್ತದೋ ಅಷ್ಟು ಹೆಜ್ಜೆ. ನೀರು ನಿಲ್ಲುವ ಹೊತ್ತಾಯಿತು ಎಂದು ಸೆರಗು ಸಿಕ್ಕಿಸಿ, ನೆರಿಗೆ ಮೇಲೆತ್ತಿ ಹೊರಟಳೆಂದರೆ ಅಣ್ಣನಿಗೂ ಅವಳ ಜೊತೆ ಹೆಜ್ಜೆ ಹಾಕಲಾಗುತ್ತಿರಲಿಲ್ಲ. ಬೆಳಿಗ್ಗೆ ಸಿಲ್ವರ್ ಜ್ಯೂಬಿಲಿ ಸ್ಟೇಡಿಯಮ್ಮಿನಲ್ಲಿ ಓಡುವವರಲ್ಲಿ ಹುಡುಗಿಯರೂ ಇದ್ದರು. ಆಚೆ ತುದಿಯಲ್ಲಿ ಟ್ರ್ಯಾಕ್ ಸೂಟಿನಲ್ಲಿ ಓಡುತ್ತಿರುವುದು ಹುಡುಗನೋ ಹುಡುಗಿಯೋ ಎಂದು ಈಚೆ ನಿಂತವರು ಪಂದ್ಯ ಕಟ್ಟಿ ಸೋಲಬಹುದಿತ್ತು. ಆಸ್ಪತ್ರೆ, ಶಾಲೆ, ಆಫೀಸಿನಲ್ಲಿ ಹೆಂಗಸರು ಕೆಲಸಕ್ಕಿದ್ದರು. ಫರ್ನೇಸಿನ ಹತ್ತಿರ ನಾನು ಯಾರನ್ನೂ ಕಂಡವಳಲ್ಲ. ಹಾಗಾಗಿ ಸೇಫ್ಟಿ ಶೂ ಹಾಕಿದ ಹೆಂಗಸಿನ ನಡಿಗೆ ಹೇಗಿರುತ್ತದೆ ಎಂದು ನೋಡುವ ಅವಕಾಶ ಆ ಊರು ನನಗೆ ಕೊಡಲಿಲ್ಲ.

ಕಂಪ್ಯೂಟರ್ ಇದ್ದದ್ದು ಅಧಿಕಾರಿಗಳ ಕ್ವಾರ್ಟರ್ಸಿನ ಒಂದು ಮನೆಯಲ್ಲಿ. ಅದರಲ್ಲಿ ‘ಪ್ರಿನ್ಸ್ ಆಫ್ ಪರ್ಷಿಯಾ’. ಅಲ್ಲಿಯವರೆಗೆ ಕಂಡ ಆಟಗಳಲ್ಲಿ ಜನ ಜಾರುತ್ತಿದ್ದರು, ಪುಟಿಯುತ್ತಿದ್ದರು. ಈ ರಾಜಕುಮಾರ ನಿಜವಾಗಿ ಓಡಿದ. ನಿಲ್ಲಬೇಕಾದರೆ ಎರಡು ಹೆಜ್ಜೆ ಎಡವಿಕೊಂಡು ನಿಲ್ಲುತ್ತಿದ್ದ. ಜಾರ್ಡನ್ ಮೆಕ್ನರ್ ಎಂಬಾತ 1985ರಲ್ಲಿ ತನ್ನ ತಮ್ಮ ಡೇವಿಡ್‌ಗೆ ಬಿಳಿ ಬಟ್ಟೆ ತೊಡಿಸಿ, ಓಡಿಸಿ, ಜಿಗಿಸಿ, ವಿಡಿಯೋ ತೆಗೆದು, ಅದರ ಮೇಲೆ ಒಂದೊಂದೇ ಚೌಕಟ್ಟು ತಿದ್ದಿ ಬರೆದದ್ದು ಅದು. ಆಟ ಬಂದದ್ದು 1989ರಲ್ಲಿ. ಆಗಿನ ಮೆಷಿನ್ನಿನ ಜ್ಞಾಪಕಶಕ್ತಿ ಇಂದಿನ ಒಂದು ಫೋಟೋ ಹಿಡಿಯಲೂ ಸಾಲದಷ್ಟು. ಅದರಲ್ಲೇ ಒಬ್ಬ ಹುಡುಗನ ಮೈಯ ತೂಕ ಕೂತಿತ್ತು.

ರಾಜಕುಮಾರಿಯೂ ಇದ್ದಳು. ಅರವತ್ತು ನಿಮಿಷದ ಆಟದಲ್ಲಿ ಅವಳು ಕೋಣೆಯೊಳಗೆ ಮರಳು ಗಡಿಯಾರದ ಪಕ್ಕದಲ್ಲಿ ನಿಂತಿರುತ್ತಾಳೆ, ಕೂತಿರುತ್ತಾಳೆ, ಮಲಗಿರುತ್ತಾಳೆ. ಎಂಟನೆಯ ಹಂತದಲ್ಲಿ ಬಾಗಿಲು ತೆಗೆಸಲು ಒಂದು ಇಲಿಯನ್ನು ಕಳಿಸುತ್ತಾಳೆ. ಇಡೀ ಆಟದಲ್ಲಿ ಅವಳು ಮಾಡಿದ ಒಂದೇ ಉಪಕಾರ ಅದು. ಅದರಲ್ಲೂ ಓಡಿದ್ದು ಇಲಿ. ಅವಳ ಮೈಗೆ ಚಲನೆಯ ಪಾಲು ಹಂಚಿಕೆಯಾಗಿದ್ದು ಹೀಗೆ. ಗಂಡಿಗೂ ಹೆಣ್ಣಿಗೂ ನಡಿಗೆಯಲ್ಲಿ ಏನು ವ್ಯತ್ಯಾಸ ಎಂಬ ಪ್ರಶ್ನೆಗೆ ಆ ಕಾಲದ ಬಹುಪಾಲು ಆಟಗಳ ಉತ್ತರ: ಗಂಡು ನಡೆಯುತ್ತಾನೆ, ಹೆಣ್ಣು ಕಾಯುತ್ತಾಳೆ.

ಲಾರಾ ಕ್ರಾಫ್ಟ್ ಬಂದದ್ದು ಇದಾದ ಮೇಲೆ. ‘ಟೂಂಬ್ ರೈಡರ್’ 1996ರಲ್ಲಿ ಇಂಗ್ಲೆಂಡಿನ ಡರ್ಬಿ ಎಂಬ ಊರಿನ ಕೋರ್ ಡಿಸೈನ್ ಕಂಪನಿಯಿಂದ ಹೊರಬಂತು, ಲಾರಾಳನ್ನು ರೂಪಿಸಿದವನು ಟೋಬಿ ಗಾರ್ಡ್. ಬಿ.ಎಚ್. ರಸ್ತೆಯ ಸೈಬರ್ ಸೆಂಟರಿಗೆ ಅದು ತಲುಪಿದಾಗ ಹೊಸ ಶತಮಾನ ಕಣ್ಣು ಬಿಟ್ಟಿತ್ತು. ಹುಡುಗರು ಅವಳ ಮೈಕಟ್ಟಿನ ಬಗ್ಗೆ ಏನು ಮಾತಾಡುತ್ತಿದ್ದರು ಅಂತ ಇಲ್ಲಿ ಬರೆಯಬೇಕಾಗಿಲ್ಲ. ಕಂಪನಿಯ ಜಾಹೀರಾತೂ ಅದೇ ದಾರಿ ಹಿಡಿದಿತ್ತು. ಗಾರ್ಡ್ ಮೊದಲ ಆಟದ ಬೆನ್ನಿಗೇ ಕಂಪನಿ ಬಿಟ್ಟ. ಆದರೆ ಕೀಬೋರ್ಡ್ ಹಿಡಿದು ಕೂತವರಿಗೆ ಇನ್ನೊಬ್ಬ ಲಾರಾ ಸಿಗುತ್ತಿದ್ದಳು. ಇಡೀ ಜಗತ್ತು ಚೌಕಗಳ ಲೆಕ್ಕ, ಅವಳ ಮೈಯೂ ಅದೇ ಲೆಕ್ಕ. ಅಂಚಿಗೆ ಬಂದು, ಒಂದು ಸಲ ಹಿಂದಕ್ಕೆ ನೆಗೆದು, ಓಡಿ ಹಾರಿದರೆ ಎರಡು ಚೌಕ ದಾಟುತ್ತಾಳೆ, ತಪ್ಪುವುದಿಲ್ಲ. ನಡೆಯುವ ಕೀ ಒತ್ತಿದ್ದರೆ ಅಂಚಿನಿಂದ ಬೀಳುವುದೇ ಇಲ್ಲ. ಹಿಡಿತ ಸಿಕ್ಕ ಕಟ್ಟೆಯ ಮೇಲೆ ಅಂಗೈ ಊರಿ ತಲೆಕೆಳಗಾಗಿ ನಿಂತು ಏರುವ ಒಂದು ಶೋಕಿಯೂ ಅವಳಿಗಿತ್ತು. ಆಟಕ್ಕೆ ಅದರಿಂದ ಮೂರು ಕಾಸಿನ ಪ್ರಯೋಜನವಿಲ್ಲ. ನನಗೆ ಅತಿ ಇಷ್ಟವಾದದ್ದು ಅದೇ. ಯಾರೋ ನೋಡಲಿ ಎಂದು ಮಾಡಿದ್ದಲ್ಲ, ಬರುತ್ತದೆ ಅಂತ ಮಾಡಿದ್ದು. ನಿಂತಾಗ ಅವಳ ಸೊಂಟ ಜಾಹೀರಾತಿನದ್ದು, ಹಾರುವಾಗ ಮೈ ಅವಳದ್ದು. ಒಂದೇ ಪಾತ್ರದಲ್ಲಿ ಇಬ್ಬರು.

ನಾನು ಬೆಂಗಳೂರಿಗೆ ಹೋಗಿ ಅನಿಮೇಷನ್ ಕಲಿತೆ. ರಾಜೇಶ್ ರಾವ್ 1997ರಲ್ಲಿ ಕಟ್ಟಿದ ಧ್ರುವ ಇಂಟರಾಕ್ಟಿವ್‌ನಿಂದ ಹಿಡಿದು ಹೊರದೇಶದ ಆಟಗಳಿಗೆ ಕೆಲಸ ಮಾಡಿಕೊಡುವ ಸ್ಟುಡಿಯೋಗಳು ಅಲ್ಲಿ ಬೆಳೆಯುತ್ತಿದ್ದ ಕಾಲ. (ಧ್ರುವವನ್ನು 2019ರಲ್ಲಿ ರಾಕ್‌ಸ್ಟಾರ್ ಕೊಂಡುಕೊಂಡಿತು.) ನಾನಿದ್ದದ್ದು ಅಷ್ಟು ಹೆಸರಿಲ್ಲದ ಒಂದು ಸ್ಟುಡಿಯೋ. ಮೊದಲ ಪಾಠ ವಾಕ್ ಸೈಕಲ್: ಪಾದ ನೆಲ ಮುಟ್ಟಿದ್ದು, ಮೈ ತಗ್ಗಿದ್ದು, ಕಾಲು ದಾಟಿದ್ದು, ಮೈ ಎದ್ದಿದ್ದು. ಈ ನಾಲ್ಕು ಭಂಗಿ ಸರಿಯಾಗಿ ಕೂತರೆ ನಡಿಗೆ ತಾನಾಗಿ ಹುಟ್ಟುತ್ತದೆ. ಎಲ್ಲರ ಮೇಜಿನ ಮೇಲೂ ರಿಚರ್ಡ್ ವಿಲಿಯಮ್ಸ್ 2001ರಲ್ಲಿ ಬರೆದ ದಪ್ಪ ಪುಸ್ತಕ, ನಮ್ಮ ಕಸುಬಿನ ಪಂಚಾಂಗ. ಹೆಂಗಸರು ಕಾಲು ಹತ್ತಿರ ಇಟ್ಟು ನಡೆಯುತ್ತಾರೆ, ಹಾಗಾಗಿ ಮೈ ಮೇಲೆ ಕೆಳಗೆ ಆಗುವುದು ಕಮ್ಮಿ; ಗಂಡಸರದು ಅಗಲ ಹೆಜ್ಜೆ, ಮೈ ಏರಿಳಿತ ಜಾಸ್ತಿ ಎಂದು ಅದರಲ್ಲಿದೆ. ಸ್ಕರ್ಟು ಹೆಜ್ಜೆಯನ್ನು ಕಟ್ಟಿಹಾಕುತ್ತದೆ ಅಂತಲೂ ಇದೆ. ಎಲ್ಲರೂ ಮೊದಲ ಮಾತನ್ನು ಕಲಿತರು, ಎರಡನೆಯದರ ಮೇಲೆ ಕಣ್ಣಾಡಿಸಿ ಮುಂದೆ ಹೋದರು.

ಒಂದು ಕೆಲಸ ನೆನಪಿದೆ. ಹಿಮದಲ್ಲಿ ಬಂದೂಕು ಹಿಡಿದು ಹೋಗುವ ಸಿಪಾಯಿ, ಹೆಣ್ಣು. ಮೊಣಕಾಲುದ್ದದ ಹಿಮ, ಬೆನ್ನಿಗೆ ಮೂಟೆ, ಎದೆಗೆ ಕವಚ. ನಮ್ಮ ಹುಡುಗ ಚೆನ್ನಾಗಿ ಮಾಡಿದ್ದ. ಕಾಲು ಕಿತ್ತು ಇಡುವ ಕಷ್ಟ ಕಾಣುತ್ತಿತ್ತು. ಕ್ಲೈಂಟ್ ಕಡೆಯಿಂದ ಫೀಡ್‌ಬ್ಯಾಕ್ ಬಂತು: ಇನ್ನೂ ಸ್ವಲ್ಪ ಫೆಮಿನೈನ್ ಮಾಡಿ. ಲೀಡ್ ಬಂದು ಗ್ರಾಫ್ ತೆರೆದು ಸೊಂಟದ ಕರ್ವ್ ಹಿಡಿದು ಮೇಲಕ್ಕೆ ಎಳೆದರು. ಮತ್ತೆ ಕಳಿಸಿದೆವು, ಮತ್ತೆ ಅದೇ ಮಾತು, ಮತ್ತೆ ಎಳೆದರು. ಕೊನೆಗೆ ಒಪ್ಪಿಗೆಯಾದ ಕ್ಲಿಪ್ಪಿನಲ್ಲಿ ಆ ಸಿಪಾಯಿ ಮೊಣಕಾಲು ಹಿಮದಲ್ಲಿ ರ‍್ಯಾಂಪ್ ವಾಕ್ ಮಾಡುತ್ತಿದ್ದಳು. ಅವಳ ಜೊತೆಗಿದ್ದ ಗಂಡು ಸಿಪಾಯಿಗೆ ‘ಇನ್ನೂ ಸ್ವಲ್ಪ ಗಂಡಸಾಗಿ’ ಎಂದು ಯಾರೂ ಹೇಳಿಕಳಿಸಲಿಲ್ಲ. ಅವನು ಹಿಮಕ್ಕೆ ತಕ್ಕಂತೆ ನಡೆದರೆ ಸಾಕಿತ್ತು.

ನಿಜವಾದ ವ್ಯತ್ಯಾಸ ಇಲ್ಲವೇ ಇಲ್ಲ ಅಂತಲ್ಲ. ಸ್ವೀಡನ್ನಿನ ಗುನ್ನಾರ್ ಯೊಹಾನ್ಸನ್ 1973ರಲ್ಲಿ ಒಂದು ಪ್ರಯೋಗದ ದಾರಿ ತೋರಿಸಿದರು. ಕೀಲುಗಳಿಗೆ ಸಣ್ಣ ದೀಪ ಕಟ್ಟಿ, ಕತ್ತಲಲ್ಲಿ ನಡೆಸಿ, ಬರೀ ಚುಕ್ಕಿಗಳನ್ನು ಜನರಿಗೆ ತೋರಿಸುವುದು. ನಿಂತಿದ್ದರೆ ಏನೂ ತಿಳಿಯುವುದಿಲ್ಲ. ಒಂದು ಹೆಜ್ಜೆ ಇಟ್ಟರೆ ಸಾಕು, ಮನುಷ್ಯ ಎಂದು ಗೊತ್ತಾಗುತ್ತದೆ. ಕಟಿಂಗ್ ಮತ್ತು ಕೊಜ್ಲೋವ್‌ಸ್ಕಿ ಎಂಬಿಬ್ಬರು 1977ರಲ್ಲಿ ಇದೇ ರೀತಿ ಗಂಡೋ ಹೆಣ್ಣೋ ಕೇಳಿದರು. ಜನ ಹತ್ತರಲ್ಲಿ ಆರೇಳು ಸಲ ಸರಿಯಾಗಿ ಹೇಳಿದರು. ನೋಡದೆ ಬಾಯಿಗೆ ಬಂದದ್ದು ಹೇಳಿದ್ದರೂ ಐದು ಸಲ ಸರಿಯಾಗುತ್ತಿತ್ತು. ಗಂಡಸರಲ್ಲಿ ಭುಜದ ಓಲಾಟ ಒಂದಿಷ್ಟು ಹೆಚ್ಚು, ಹೆಂಗಸರಲ್ಲಿ ಸೊಂಟದ್ದು ಒಂದಿಷ್ಟು ಹೆಚ್ಚು. ಆ ಒಂದಿಷ್ಟನ್ನು ಹಿಡಿದುಕೊಂಡು ಆಟದ ಉದ್ಯಮ ಎರಡು ಬೇರೆ ಬೇರೆ ಪ್ರಾಣಿಗಳನ್ನೇ ಸೃಷ್ಟಿಸಿತು.

ಈ ವಿಷಯದಲ್ಲಿ ನಮ್ಮ ಯಕ್ಷಗಾನದವರ ತಿಳಿವಳಿಕೆ ಕ್ಯಾಲಿಫೋರ್ನಿಯಾದ ಆಟ ತಯಾರಕರಿಗಿಂತ ಮೇಲು. ಕೋಳ್ಯೂರು ರಾಮಚಂದ್ರ ರಾಯರ ಸ್ತ್ರೀವೇಷವನ್ನಾಗಲಿ, ಮಂಟಪ ಪ್ರಭಾಕರ ಉಪಾಧ್ಯರ ಏಕವ್ಯಕ್ತಿ ‘ಭಾಮಿನಿ’ಯನ್ನಾಗಲಿ ನೋಡಿದವರಿಗೆ ಹೆಣ್ಣಿನ ನಡಿಗೆ ಮೂಳೆಯಲ್ಲಿ ಹುಟ್ಟಿಬಂದದ್ದೇನಲ್ಲ, ಕಲಿತರೆ ಬರುವಂಥದ್ದು ಎಂದು ಹೇಳಿಕೊಡಬೇಕಿಲ್ಲ. ಅದಕ್ಕಿಂತ ದೊಡ್ಡ ಮಾತು: ಅಲ್ಲಿ ಹೆಣ್ಣು ಒಂದೇ ಥರ ಅಲ್ಲ. ಗರತಿ ಪಾತ್ರಕ್ಕೆ ಒಂದು ಬಗೆ. ಪ್ರಮೀಳೆ, ಶಶಿಪ್ರಭೆಯಂಥ ಯುದ್ಧಕ್ಕೆ ಇಳಿಯುವ ಹೆಣ್ಣಿಗೆ ಕಸೆ ಸ್ತ್ರೀವೇಷ. ಸೀರೆಯನ್ನು ಕಸೆ ಹಾಕಿ ಕಟ್ಟುತ್ತಾರೆ, ಕಾಲು ಬಿಡುಗಡೆಯಾಗುತ್ತದೆ, ಹೆಜ್ಜೆಯೂ ಗತ್ತೂ ಬದಲಾಗುತ್ತವೆ. ಅವಳು ಹೆಣ್ಣೇ, ಪ್ರೇಕ್ಷಕನಿಗೆ ಅನುಮಾನ ಬರುವುದಿಲ್ಲ. ಆದರೆ ಬಿಲ್ಲು ಹಿಡಿದವಳು ಬಿಲ್ಲು ಹಿಡಿದವಳ ಹಾಗೆ ಬರುತ್ತಾಳೆ. ಆ ಸಿಪಾಯಿಯ ಕ್ಲಿಪ್ಪನ್ನು ಒಪ್ಪಿದವರನ್ನು ಒಂದು ರಾತ್ರಿ ಸಾಗರದ ಕಡೆಯ ಯಾವುದಾದರೂ ಬಯಲಾಟಕ್ಕೆ ಕರೆದುಕೊಂಡು ಹೋಗಬೇಕಿತ್ತು.

ಸೊಂಟ ಎಳೆಯುವ ಕಾಲ ಹೋಗುತ್ತಿದೆ ಅನ್ನುವಷ್ಟರಲ್ಲಿ ಲೆಕ್ಕದ ಪುಸ್ತಕ ಬಂತು. 2014ರ ಜೂನ್. ಯೂಬಿಸಾಫ್ಟ್ ಕಂಪನಿಯ ‘ಅಸ್ಯಾಸಿನ್ಸ್ ಕ್ರೀಡ್ ಯೂನಿಟಿ’, ಫ್ರೆಂಚ್ ಕ್ರಾಂತಿಯ ಕತೆ. ನಾಲ್ಕು ಜನ ಒಟ್ಟಿಗೆ ಆಡಬಹುದು, ನಾಲ್ವರೂ ಗಂಡಸರು. ಹೆಣ್ಣು ಯಾಕಿಲ್ಲ ಎಂದು ಕೇಳಿದ್ದಕ್ಕೆ ಸೃಜನ ನಿರ್ದೇಶಕ ಅಲೆಕ್ಸ್ ಅಮಾನ್ಸಿಯೊ ಕೊಟ್ಟ ಉತ್ತರದ ತಿರುಳು: ಅನಿಮೇಷನ್ ಎರಡರಷ್ಟು, ದನಿ ಎರಡರಷ್ಟು, ಉಡುಪು ಎರಡರಷ್ಟು ಆಗುತ್ತದೆ. ಎಂಟು ಸಾವಿರ ಅನಿಮೇಷನ್‌ಗಳನ್ನು ಬೇರೆ ಸ್ಕೆಲಿಟನ್ನಿಗೆ ಮತ್ತೆ ಮಾಡಬೇಕು ಎಂದು ಅದೇ ತಂಡದ ಇನ್ನೊಬ್ಬರು ಲೆಕ್ಕ ಕೊಟ್ಟರು.

ನಮ್ಮ ಸ್ಟುಡಿಯೋದಲ್ಲಿ ಅವತ್ತು ಟೀ ವಿರಾಮ ಉದ್ದವಾಯಿತು. ಹೊರಗಿನವರಿಗೆ ಈ ಮಾತು ನಿಜ ಅನಿಸಬಹುದು, ಕಸುಬಿನವರಿಗೆ ಗೊತ್ತು. ಮೂರು ಆಯಾಮದ ಆಟದಲ್ಲಿ ಚಲನೆ ಇರುವುದು ಚರ್ಮದಲ್ಲಲ್ಲ, ಒಳಗಿನ ಎಲುಬಿನ ಗೂಡಿನಲ್ಲಿ. ಗೂಡಿನ ಕೀಲುಗಳ ಸಂಖ್ಯೆ, ಹೆಸರು ಒಂದೇ ಇದ್ದರೆ ಒಬ್ಬರ ಓಟವನ್ನು ಇನ್ನೊಬ್ಬರಿಗೆ ವರ್ಗಾಯಿಸಬಹುದು. ರೀಟಾರ್ಗೆಟ್ ಅನ್ನುತ್ತೇವೆ. ಭುಜ ಕಿರಿದಾದರೆ ಕೈ ಎದೆಯೊಳಗೆ ತೂರುತ್ತದೆ, ಬಂದೂಕು ಬೆರಳಿನಿಂದ ಅರ್ಧ ಅಂಗುಲ ಆಚೆ ತೇಲುತ್ತದೆ. ಅವನ್ನು ಕೂತು ಸರಿಮಾಡಬೇಕು. ಬೇಸರದ ಕೆಲಸ, ಅಸಾಧ್ಯದ್ದಲ್ಲ. ಇದನ್ನು ಎಲ್ಲರಿಗಿಂತ ಮೊದಲು ಬಹಿರಂಗವಾಗಿ ಹೇಳಿದವರಲ್ಲಿ ಜೊನಾಥನ್ ಕೂಪರ್ ಒಬ್ಬರು. ಅದೇ ಸರಣಿಯ ಮೂರನೆಯ ಆಟದ ಅನಿಮೇಷನ್ ನಿರ್ದೇಶಕರಾಗಿದ್ದವರು. ತಮ್ಮ ಅಂದಾಜಿನಲ್ಲಿ ಇದು ಒಂದೆರಡು ದಿನದ ಕೆಲಸ ಎಂದರು. ಸಾಕ್ಷಿಯನ್ನೂ ಕೊಟ್ಟರು: 2012ರ ‘ಲಿಬರೇಷನ್’ ಆಟದ ನಾಯಕಿ ಅವೆಲೀನ್ ಮೂರನೆಯ ಆಟದ ನಾಯಕ ಕಾನರ್‌ನ ಅನಿಮೇಷನ್‌ಗಳನ್ನು ಎಷ್ಟು ಬಳಸಿದ್ದಾಳೋ, ನಾಲ್ಕನೆಯ ಆಟದ ಗಂಡು ನಾಯಕ ಎಡ್ವರ್ಡ್ ಅಷ್ಟು ಬಳಸಿಲ್ಲ. ಒಬ್ಬ ಗಂಡಸಿನ ನಡಿಗೆಗೆ ಇನ್ನೊಬ್ಬ ಗಂಡಸಿಗಿಂತ ಹೆಂಗಸೇ ಹತ್ತಿರವಾಗಿದ್ದಳು.

ಒಂದೆರಡು ದಿನ ಎಂಬುದು ಸ್ವಲ್ಪ ಉದಾರ ಅಂದಾಜು, ದನಿ ಉಡುಪು ಸೇರಿಸಿದರೆ ಇನ್ನೂ ಹಿಡಿಯುತ್ತದೆ. ಆದರೆ ಎಂಟು ಸಾವಿರದ ಲೆಕ್ಕ ಹೆದರಿಸಲಿಕ್ಕೆ ಹೇಳಿದ ಲೆಕ್ಕ. ಒಂದೊಂದು ಚುಕ್ಕಿಯನ್ನೂ ಕೈಯಲ್ಲಿ ಇಟ್ಟ ಕಾಲದಲ್ಲಿ ಹನ್ನಾ ಮೆಸ್‌ನಷ್ಟೇ ದುಬಾರಿಯಾಗಿದ್ದಳು, ಆದರೂ ಅವಳನ್ನು ಬರೆದರು. ವರ್ಗಾವಣೆ ಸುಲಭವಾದ ಕಾಲದಲ್ಲಿ ಹೆಣ್ಣು ತುಟ್ಟಿಯಾದಳು. ಆ ಕತೆಯ ಫ್ರೆಂಚ್ ಕ್ರಾಂತಿಯಲ್ಲಿ ಕ್ರಾಂತಿಕಾರಿ ಮರಾನನ್ನು 1793ರಲ್ಲಿ ಚಾಕುವಿನಿಂದ ಇರಿದು ಕೊಂದವಳು ಷಾರ್ಲಟ್ ಕೋರ್ಡೇ ಎಂಬ ಹೆಂಗಸು ಎಂಬುದನ್ನು ಬೇಕಾದರೆ ಪಕ್ಕಕ್ಕಿಡಿ.

ಹಂಚಿಕೊಂಡರೆ ಎಲ್ಲ ಸರಿಹೋಗುತ್ತದೆ ಎನ್ನುವವಳೂ ನಾನಲ್ಲ. ಬಯೋವೇರ್‌ನ ‘ಮಾಸ್ ಎಫೆಕ್ಟ್’ನಲ್ಲಿ ಕಮಾಂಡರ್ ಶೆಪರ್ಡ್ ಗಂಡಾಗಬಹುದು, ಹೆಣ್ಣಾಗಬಹುದು. ಮೈಯ ಚಲನೆ ಬಹುಪಾಲು ಗಂಡಿನದೇ. ಯುದ್ಧದಲ್ಲಿ ಇದರಿಂದ ಏನೂ ನಷ್ಟವಾಗಲಿಲ್ಲ. ಸೊಂಟದ ಕುಣಿತ ನೋಡಿ ಬೇಸತ್ತವರಿಗೆ ಹೆಣ್ಣು ಶೆಪರ್ಡ್ ಬಂದೂಕು ಹಿಡಿದು ಓಡಿದ್ದರಿಂದ ಎಷ್ಟು ಸಮಾಧಾನವಾಯಿತೆಂದರೆ ಆ ಪಾತ್ರಕ್ಕೇ ದೊಡ್ಡ ಅಭಿಮಾನಿ ಬಳಗ ಹುಟ್ಟಿತು. ಎರಡನೆಯ ಭಾಗದಲ್ಲಿ ಅವಳಿಗೆ ತುಂಡು ಗೌನ್ ತೊಡಿಸಿ ಕೂರಿಸಿದಾಗ ಮಾತ್ರ ಗುಟ್ಟು ರಟ್ಟಾಯಿತು. ಕವಚ ತೊಟ್ಟ ಸಿಪಾಯಿ ಕೂರುವ ಹಾಗೆ ತೊಡೆ ಅಗಲಿಸಿ ಕೂತಳು. ನಗು ಬರುವುದು ಅವಳು ಗಂಡಸಿನ ಹಾಗೆ ಕೂತಳೆಂದಲ್ಲ, ಗೌನಿನಲ್ಲಿ ಯಾರೂ ಹಾಗೆ ಕೂರಲಾರರು ಎಂದು. ಶೆಪರ್ಡ್ ಗಂಡಾಗಿದ್ದು ಗೌನ್ ತೊಟ್ಟಿದ್ದರೂ ಕಾಲು ಜೋಡಿಸಲೇಬೇಕಿತ್ತು. ಇದಕ್ಕೆ ಉತ್ತರ ಅವೆಲೀನಳ ಆಟದಲ್ಲೇ ಇತ್ತು. ಸಿರಿವಂತ ಹೆಂಗಸಿನ ನಿಲುವಂಗಿ ತೊಟ್ಟಾಗ ಅವಳು ಗೋಡೆ ಹತ್ತಲಾರಳು, ಸೂರಿನಿಂದ ಸೂರಿಗೆ ಹಾರಲಾರಳು. ಬಟ್ಟೆ ಬದಲಿಸಿದರೆ ಅದೇ ಹೆಂಗಸು ಹತ್ತುತ್ತಾಳೆ, ಹಾರುತ್ತಾಳೆ. ಕಸೆ ಸ್ತ್ರೀವೇಷದ ನ್ಯಾಯ ಅದು, ನ್ಯೂ ಆರ್ಲಿಯನ್ಸಿನಲ್ಲಿ.

ಯೂಬಿಸಾಫ್ಟ್ 2018ರಲ್ಲಿ ‘ಒಡಿಸ್ಸಿ’ ತಂದಿತು. ಕಸ್ಸಾಂಡ್ರಾ, ಅಲೆಕ್ಸಿಯೋಸ್ ಅಕ್ಕ ತಮ್ಮಂದಿರಲ್ಲಿ ಯಾರನ್ನಾದರೂ ಆರಿಸಿಕೊಂಡು ಇಡೀ ಕತೆ ಆಡಬಹುದು. ನಾಲ್ಕು ವರ್ಷದ ಹಿಂದೆ ಆಗದ್ದು ಆಗಿಹೋಯಿತು, ಸ್ಕೆಲಿಟನ್ ಅಡ್ಡ ಬರಲಿಲ್ಲ. ಮೊದಲು ಕಸ್ಸಾಂಡ್ರಾ ಒಬ್ಬಳೇ ನಾಯಕಿ ಎಂಬ ಯೋಚನೆ ಇತ್ತು, ಹೆಂಗಸಿನ ಆಟ ಮಾರಾಟವಾಗುವುದಿಲ್ಲ ಎಂಬ ನಂಬಿಕೆಯಿಂದ ಮೇಲಿನವರು ಬಿಡಲಿಲ್ಲ ಎಂದು 2020ರಲ್ಲಿ ಬ್ಲೂಮ್‌ಬರ್ಗ್ ವರದಿ ಮಾಡಿತು. ಎಲುಬಿನ ಮೇಲೆ ಹಾಕಿದ್ದ ಅಪವಾದದ ಮೂಲ ಮಾರುಕಟ್ಟೆ ವಿಭಾಗದಲ್ಲಿತ್ತು.

ಅದೇ 2020ರಲ್ಲಿ ‘ದ ಲಾಸ್ಟ್ ಆಫ್ ಅಸ್’ ಎರಡನೆಯ ಭಾಗ ಬಂತು. ಅದರಲ್ಲಿ ಬರುವ ಆ್ಯಬಿ ಎಂಬ ಹೆಂಗಸಿನ ಮೈಯನ್ನು ಕಾಲೀನ್ ಫಾಚ್ ಎಂಬ ಕ್ರಾಸ್‌ಫಿಟ್ ಕ್ರೀಡಾಪಟುವಿನ ಮೈ ನೋಡಿ ಮಾಡಿದ್ದು. ತೋಳು ದಪ್ಪ, ಹೆಜ್ಜೆ ಭಾರ. ಹೆಂಗಸಿಗೆ ಇಂಥ ಮೈ ಇರಲು ಸಾಧ್ಯವೇ ಇಲ್ಲ ಎಂದು ಕೂಗಾಡಿದವರ ಮುಂದೆ ಆ ಮೈಯ ಒಡತಿ ಕಣ್ಣಿಗೆ ಕಾಣುವಂತೆ ಓಡಾಡಿಕೊಂಡಿದ್ದಳು.

ಈಗ ನ್ಯೂಟೌನಿಗೆ ಹೋದರೆ ಎಷ್ಟೋ ಕ್ವಾರ್ಟರ್ಸಿಗೆ ಬೀಗ. ಕಾಗದನಗರದ ಎಂಪಿಎಂ ಕಾಗದ ಕಾರ್ಖಾನೆ ಮೊದಲೇ ನಿಂತಿತು. ವಿಐಎಸ್‌ಎಲ್ ಮುಚ್ಚುವುದೆಂದು ಅದರ ಒಡೆತನದ ಸೈಲ್ ಆಡಳಿತ ಮಂಡಳಿ 2023ರ ಜನವರಿಯಲ್ಲಿ ತೀರ್ಮಾನಿಸಿತು. ಗುತ್ತಿಗೆ ಕಾರ್ಮಿಕರು ಗೇಟಿನ ಮುಂದೆ ಕೂತರು. ಆಮೇಲೂ ಕಾರ್ಖಾನೆ ತೂಗುಯ್ಯಾಲೆಯಲ್ಲೇ ಇದೆ. ರಸ್ತೆ ತುಂಬ ನಡೆದು ಬರುವ ಶಿಫ್ಟ್ ಈಗಿಲ್ಲ, ಬರುವ ಕೆಲವರು ಬೈಕಿನಲ್ಲಿ ಬರುತ್ತಾರೆ. ಗೇಮ್ ಅಂಗಡಿಯ ಜಾಗದಲ್ಲಿ ಮೊಬೈಲ್ ರಿಪೇರಿ. ಆಟ ಎಲ್ಲರ ಜೇಬಿಗೆ ಬಂದು ಕೂತಿದೆ. ಪರದೆ ಎಳೆದ ಕೋಣೆ ಬೇಡ, ಕಾಯಿನ್ ಬೇಡ, ಅಣ್ಣನ ಬೆನ್ನೂ ಬೇಡ. ಆ ಮಟ್ಟಿಗೆ ಈಗಿನದೇ ವಾಸಿ, ಹಳೆಯದು ಹೋಯಿತಲ್ಲ ಎಂದು ಕೊರಗುವ ಆಸಕ್ತಿ ನನಗಿಲ್ಲ.

ಅಣ್ಣನ ಮಗಳು ಬಿಜಿಎಂಐ ಆಡುತ್ತಾಳೆ. ಪಬ್‌ಜಿಯನ್ನು 2020ರಲ್ಲಿ ನಿಷೇಧಿಸಿದ ಮೇಲೆ ಮರುವರ್ಷ ಬಂದ ಅವತಾರ. ಆ ಆಟದಲ್ಲಿ ಗಂಡು ಪಾತ್ರ, ಹೆಣ್ಣು ಪಾತ್ರ ಯಾವುದು ಹಿಡಿದರೂ ಗುಂಡು ತಗಲುವ ಮೈಯಳತೆ ಒಂದೇ. ಒಬ್ಬರಿಗೆ ಲಾಭ, ಇನ್ನೊಬ್ಬರಿಗೆ ನಷ್ಟ ಇಲ್ಲ. ಅಂಗಡಿಯ ಹುಡುಗರ ಸಿದ್ಧಾಂತಕ್ಕೆ ಇಲ್ಲಿ ಕಾಲೂರಲು ಜಾಗವೇ ಇಲ್ಲ. ಅವಳು ಹಿಡಿದದ್ದು ಗಂಡು ಪಾತ್ರ.

‘ಯಾಕೇ, ಹುಡುಗಿ ಇರಲಿಲ್ವಾ?’ ಎಂದೆ.

‘ಹುಡುಗಿ ತಗೊಂಡ್ರೆ ಆಡೋಕೆ ಬಿಡಲ್ಲ ಅತ್ತೆ. ಫ್ರೆಂಡ್ ರಿಕ್ವೆಸ್ಟ್ ಬರ್ತಾನೇ ಇರುತ್ತೆ, ಮೈಕ್ ಆನ್ ಮಾಡು ಅಂತಾರೆ. ನಮ್ಮ ಕ್ಲಾಸ್ ಹುಡುಗ್ರೆಲ್ಲ ಹುಡುಗಿ ಕ್ಯಾರೆಕ್ಟರೇ ಇಟ್ಕೊಂಡಿದಾರೆ, ಡ್ರೆಸ್ ಚೆನ್ನಾಗಿರುತ್ತಂತೆ.’

ಅವಳ ಅಪ್ಪ ಪಕ್ಕದಲ್ಲೇ ಕೂತು ಪೇಪರ್ ಓದುತ್ತಿದ್ದ. ಮುಸ್ತಫಾ ನೆನಪಿದೆಯಾ ಅಂದರೆ ನಕ್ಕ. ಹನ್ನಾ ಎಂದರೆ ಯಾರು ಅಂತ ಅವನಿಗೆ ಹೊಳೆಯಲಿಲ್ಲ.

ಪುಣೆಯ ನಾಡಿಂಗ್ ಹೆಡ್ಸ್ ತಂಡ 2020ರಲ್ಲಿ ತಂದ ‘ರಾಜಿ’ಯನ್ನು ನಾನೇ ಅವಳಿಗೆ ತೋರಿಸಿದೆ. ತಮ್ಮನನ್ನು ಅಸುರರಿಂದ ಬಿಡಿಸಿಕೊಳ್ಳಲು ಹೊರಟ ಹುಡುಗಿ, ಸರ್ಕಸ್ಸಿನವಳು. ಅವಳು ಗೋಡೆಯ ಮೇಲೆ ಓಡುತ್ತಾಳೆ, ಕಂಬ ಹಿಡಿದು ಗಿರಕಿ ಹೊಡೆಯುತ್ತಾಳೆ. ಸರ್ಕಸ್ಸಿನವಳು ಹೊಡೆಯಬೇಕಾದ ಹಾಗೆ. ಕಂಬದ ಗಿರಕಿಯನ್ನು ಅಣ್ಣನ ಮಗಳು ಸುಮ್ಮಸುಮ್ಮನೆ ಎಷ್ಟೋ ಸಲ ಮಾಡಿಸಿ ನೋಡಿದಳು. ಆಮೇಲೆ ಬಿಜಿಎಂಐಗೆ ವಾಪಸು ಹೋದಳು, ಸ್ನೇಹಿತೆಯರೆಲ್ಲ ಅಲ್ಲಿದ್ದಾರಂತೆ.

ಬೆಂಗಳೂರಿನ ಸ್ಟುಡಿಯೋಗಳಲ್ಲಿ ಈಗ ಕನ್ನಡದ ಹುಡುಗ ಹುಡುಗಿಯರು ಬೇಕಾದಷ್ಟಿದ್ದಾರೆ. ಇವತ್ತಲ್ಲ ನಾಳೆ ಯಾರಾದರೂ ಅಬ್ಬಕ್ಕನನ್ನೋ ಓಬವ್ವನನ್ನೋ ಆಟಕ್ಕೆ ತರುತ್ತಾರೆ. ಅವರಲ್ಲಿ ನನ್ನದೊಂದು ಕೋರಿಕೆ. ಸಿದ್ಧ ಸಿಗುವ ‘ಫೀಮೇಲ್ ವಾಕ್’ ಕೊಂಡು ಹಚ್ಚಬೇಡಿ. ಗಂಡಿನ ಓಟವನ್ನು ವರ್ಗಾಯಿಸಿ ಕೈತೊಳೆದುಕೊಳ್ಳಲೂಬೇಡಿ. ಮೈಯ ಚಲನೆ ಸೆರೆಹಿಡಿಯುವ ಮೊಕ್ಯಾಪಿಗೆ ಬಂದ ನಟಿಗೆ ಸೂಟಿನ ಮೇಲೆಯೇ ಕಚ್ಚೆ ಹಾಕಿ ಸೀರೆ ಉಡಿಸಿ, ಕೈಗೆ ನಿಜವಾದ ಒನಕೆ ಕೊಟ್ಟು, ಅದರ ತೂಕಕ್ಕೆ ಅವಳ ಹೆಜ್ಜೆ ಎಲ್ಲಿ ಬೀಳುತ್ತದೆ ನೋಡಿ. ಅಷ್ಟನ್ನು ರೆಕಾರ್ಡ್ ಮಾಡಿಕೊಂಡು, ಸೊಂಟದ ಕರ್ವ್ ಮುಟ್ಟದೆ ಹಾಗೇ ಬಿಡಿ.